ನದಿಯ ದಡ, ನಗರದ ಬದುಕು

ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಸಾಗುವ ಹೆದ್ದಾರಿಯ ಬಲಗಡೆಯಲ್ಲಿ ನೇತ್ರಾವತಿ ನದಿ ಜೊತೆಗಾತಿಯಂತೆ ಇರುತ್ತದೆ. ಈ ದಾರಿಯಲ್ಲಿ ಸಿಗುವ ಒಂದು ಪುಟ್ಟ ಊರು ಫರಂಗಿಪೇಟೆ. ಫರಂಗಿಯವರು ಎಂದರೆ ಐರೋಪ್ಯರು. ಪೋರ್ಚುಗೀಸರ ಕಾಲದ ಸಂಪರ್ಕವನ್ನು ಊರಿನ ಹೆಸರೇ ಹೇಳುತ್ತದೆ. ಬಸ್ಸಿನಲ್ಲಿ ಹಾದುಹೋಗುವ ಪ್ರಯಾಣಿಕನಿಗೆ ಇಲ್ಲಿ ಕಾಣುವುದು ಅಂಗಡಿಗಳ ಸಾಲು. ಅವುಗಳ ಮುಖ ರಸ್ತೆಯ ಕಡೆಗೆ, ಬೆನ್ನು ನದಿಯ ಕಡೆಗೆ. ಒಂದು ಕಾಲಕ್ಕೆ ಊರಿನ ಹೆಬ್ಬಾಗಿಲಾಗಿದ್ದ ನದಿ ಇಂದು ಹಿತ್ತಿಲಾಗಿದೆ. ಹೆಬ್ಬಾಗಿಲು ಹಿತ್ತಿಲಾದುದು ಹೇಗೆ? ಅದನ್ನು ಮತ್ತೆ ಹೆಬ್ಬಾಗಿಲಾಗಿಸಲು ಸಾಧ್ಯವೆ? ಈ ಪ್ರಶ್ನೆ ಫರಂಗಿಪೇಟೆಯೊಂದರದೇ ಅಲ್ಲ. ನೀರಿನ ಅಂಚಿನಲ್ಲಿ ಹುಟ್ಟಿದ ಜಗತ್ತಿನ ಅನೇಕ ನಗರಗಳದು.

ರಸ್ತೆಗಳಿಲ್ಲದ ದಿನಗಳಲ್ಲಿ ನದಿಯೇ ರಾಜಮಾರ್ಗವಾಗಿತ್ತು. ಘಟ್ಟದಿಂದ ಇಳಿದು ಬಂದ ಸರಕು ಬಂಟ್ವಾಳದ ಪೇಟೆಯಲ್ಲಿ ದೋಣಿಯೇರಿ, ಪ್ರವಾಹದೊಡನೆ ತೇಲಿ ಮಂಗಳೂರಿನ ಬಂದರನ್ನು ಸೇರುತ್ತಿತ್ತು. ಅಕ್ಕಿ, ಅಡಕೆ, ಮೆಣಸುಗಳು ಅಲ್ಲಿಂದ ಹಾಯಿಹಡಗುಗಳಲ್ಲಿ ದೂರದ ತೀರಗಳಿಗೆ ಹೋಗುತ್ತಿದ್ದವು. ಆದರೆ ನದೀತೀರದ ಊರುಗಳ ಏಳುಬೀಳುಗಳೂ ಹೊಸವಲ್ಲ. 1801ರಲ್ಲಿ ಈ ದಾರಿಯಾಗಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಹಿಂದೆ ದೊಡ್ಡ ಪಟ್ಟಣವಾಗಿದ್ದ ಫರಂಗಿಪೇಟೆಯಲ್ಲಿ ಪಾಳುಬಿದ್ದ ಒಂದು ಇಗರ್ಜಿಯ ಹೊರತು ಹೆಚ್ಚೇನೂ ಉಳಿದಿಲ್ಲವೆಂದು ಬರೆದಿಟ್ಟಿದ್ದಾನೆ. ರಾಜಕೀಯದ ಬಿರುಗಾಳಿಗೆ ಸಿಕ್ಕಿ ಅಳಿದ ಊರು ನದಿಯ ಆಸರೆಯಿಂದ ಮತ್ತೆ ಚಿಗುರಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ತೀರಗಳಿಗೆ ಹೊಸ ಭಾಗ್ಯ ಬಂದಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. 1868ರಲ್ಲಿ ಪಾಣೆಮಂಗಳೂರಿನಲ್ಲಿ ಮತ್ತೊಂದು ಕಾರ್ಖಾನೆ ತಲೆಯೆತ್ತಿತು. ಮುಂದೆ ನೇತ್ರಾವತಿ ಮತ್ತು ಗುರುಪುರ ನದಿಗಳ ದಡಗಳಲ್ಲಿ ಕಾರ್ಖಾನೆಗಳ ಹೊಗೆಕೊಳವೆಗಳು ಒಂದೊಂದಾಗಿ ಎದ್ದು ನಿಂತವು. ಅವು ದಡವನ್ನೇ ಹಿಡಿದುದಕ್ಕೆ ಕಾರಣ ಸ್ಪಷ್ಟವಾಗಿದೆ. ಹಂಚಿಗೆ ಬೇಕಾದ ಜೇಡಿಮಣ್ಣು ನದೀಬಯಲಿನಲ್ಲಿ ದೊರೆಯುತ್ತಿತ್ತು. ಆ ಮಣ್ಣೂ ಒಲೆಗೆ ಬೇಕಾದ ಕಟ್ಟಿಗೆಯೂ ದೋಣಿಯಲ್ಲಿ ಬರುತ್ತಿದ್ದವು. ಸುಟ್ಟ ಹಂಚು ದೋಣಿಯಲ್ಲಿಯೇ ಹೊರಡುತ್ತಿತ್ತು. ಸಾಗಣೆಯ ವೆಚ್ಚ ಕಡಿಮೆಯಾದುದರಿಂದಲೇ ಮಂಗಳೂರು ಹಂಚಿನ ಹೆಸರು ಸಮುದ್ರದಾಚೆಗೂ ಹಬ್ಬಿತು.

ಕಾಲ ಬದಲಾಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. ಅನಂತರ ಲಾರಿಗಳು ಬಂದವು. ಸರಕು ದೋಣಿಯಿಂದಿಳಿದು ರಸ್ತೆಯನ್ನು ಸೇರಿತು. 1923ರ ಮತ್ತು 1974ರ ಮಹಾನೆರೆಗಳು ದಡದಲ್ಲಿ ಬದುಕುವುದರ ಅಪಾಯವನ್ನು ಜನರ ಮನಸ್ಸಿನಲ್ಲಿ ಅಚ್ಚೊತ್ತಿದವು. ಹಡಗುಗಳ ಗಾತ್ರ ಹೆಚ್ಚಿದಂತೆ ನದೀಮುಖದ ಹಳೆಯ ಬಂದರಿನ ಆಳ ಅವುಗಳಿಗೆ ಸಾಲದೆ ಹೋಯಿತು. ಪಣಂಬೂರಿನಲ್ಲಿ ಕಟ್ಟಿದ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಹಳೆಯ ಬಂದರಿಗೆ ಮೀನುಗಾರಿಕೆಯ ದಕ್ಕೆಯೂ ಲಕ್ಷದ್ವೀಪದ ಕಡೆಗೆ ಹೋಗುವ ಸಣ್ಣ ಹಡಗುಗಳೂ ಉಳಿದವು. ಕಾಂಕ್ರೀಟು ಚಾವಣಿಗಳು ಬಂದ ಮೇಲೆ ಹಂಚಿನ ಬೇಡಿಕೆ ಕುಗ್ಗಿ, ಮಣ್ಣು ಮತ್ತು ಕಟ್ಟಿಗೆಗಳು ದುರ್ಲಭವಾಗಿ, ಕಾರ್ಖಾನೆಗಳು ಒಂದರ ಹಿಂದೊಂದರಂತೆ ಬಾಗಿಲು ಮುಚ್ಚಿದವು. ಹೀಗೆ ನಗರದ ಹೃದಯಭಾಗದ ನೆಲವೇ ಪಾಳು ಅಂಗಳಗಳ, ಮುರಿದ ಗೋದಾಮುಗಳ, ಕಸದ ರಾಶಿಗಳ ತಾಣವಾಯಿತು. ಅತ್ತ, ಮನೆಗೂ ಮಳಿಗೆಗೂ ನೆಲವಿಲ್ಲದೆ ನಗರವು ಗುಡ್ಡಗಳನ್ನು ಕಡಿದು ದೂರದೂರಕ್ಕೆ ಬೆಳೆಯುತ್ತಿದೆ.

ಇಂತಹ ನೆಲವನ್ನು ಮತ್ತೆ ಬಳಕೆಗೆ ತರುವುದರಿಂದ ನಗರದ ಸಂಪತ್ತು ಹೇಗೆ ಹೆಚ್ಚುತ್ತದೆ? ಹೊರವಲಯದಲ್ಲಿ ಹೊಸ ಬಡಾವಣೆ ಕಟ್ಟಬೇಕಾದರೆ ರಸ್ತೆ, ನೀರು, ವಿದ್ಯುತ್ತು ಎಲ್ಲವನ್ನೂ ದೂರಕ್ಕೆ ಒಯ್ಯಬೇಕು. ಹಳೆಯ ದಡದ ಬಳಿಯಲ್ಲಿ ಇವು ಬಹುಮಟ್ಟಿಗೆ ಆಗಲೇ ಇರುತ್ತವೆ. ಮಾರುಕಟ್ಟೆಯೂ ಶಾಲೆಯೂ ಸಮೀಪದಲ್ಲಿರುತ್ತವೆ. ಆದರೆ ಹೊಲಸು ನೀರಿನ ಪಕ್ಕದಲ್ಲಿ ಯಾವ ವರ್ತಕನೂ ಮೊದಲು ಹಣ ಹೂಡಲಾರ. ಆದುದರಿಂದ ಮೊದಲ ಹೆಜ್ಜೆಯನ್ನು ಸರ್ಕಾರವೇ ಇಡಬೇಕಾಗುತ್ತದೆ. ಚರಂಡಿಯ ನೀರನ್ನು ಶುದ್ಧೀಕರಿಸಿ, ದಡವನ್ನು ಭದ್ರಪಡಿಸಿ, ನಡೆದಾಡುವ ಹಾದಿಯನ್ನೂ ದೋಣಿ ನಿಲ್ಲುವ ಕಟ್ಟೆಯನ್ನೂ ಕಟ್ಟಿದರೆ ಜನ ಬರುತ್ತಾರೆ. ಜನ ಬಂದಲ್ಲಿಗೆ ವ್ಯಾಪಾರ ಬರುತ್ತದೆ. ವ್ಯಾಪಾರ ಬಂದಲ್ಲಿ ಉದ್ಯೋಗ ಹುಟ್ಟುತ್ತದೆ, ನೆಲದ ಬೆಲೆ ಏರುತ್ತದೆ. ಏರಿದ ಬೆಲೆಯ ಒಂದು ಪಾಲು ತೆರಿಗೆಯಾಗಿ ನಗರಕ್ಕೆ ಹಿಂದಿರುಗಿದರೆ ಮೊದಲು ಹಾಕಿದ ಹಣ ವ್ಯರ್ಥವಾಗುವುದಿಲ್ಲ.

ಲಂಡನ್ ನಗರದ ಥೇಮ್ಸ್ ನದಿಯ ಹಡಗುಕಟ್ಟೆಗಳ ಕಥೆ ಮಂಗಳೂರಿನದನ್ನೇ ಹೋಲುತ್ತದೆ. ಹಡಗುಗಳು ದೊಡ್ಡವಾದುವು, ಸರಕನ್ನು ಭಾರಿ ಪೆಟ್ಟಿಗೆಗಳಲ್ಲಿ ತುಂಬುವ ಪದ್ಧತಿ ಬಂದಿತು, ಹಳೆಯ ಕಟ್ಟೆಗಳೆಲ್ಲ 1981ರ ವೇಳೆಗೆ ಮುಚ್ಚಿಹೋದವು. ಅದೇ ವರ್ಷ ಅಲ್ಲಿನ ಸರ್ಕಾರ ಒಂದು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. 1987ರಲ್ಲಿ ಲಘು ರೈಲು ಓಡಾಡತೊಡಗಿತು. ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು ಎದ್ದವು. ಆದರೆ ಹೊಸ ಉದ್ಯೋಗಗಳಲ್ಲಿ ಹೆಚ್ಚಿನವು ಕಚೇರಿಯ ಕೆಲಸಗಳು. ಹೊರೆ ಹೊತ್ತು ಬದುಕಿದ್ದ ಕೂಲಿಕಾರರಿಗೆ ಅವು ಎಟುಕಲಿಲ್ಲ.

ಸಿಂಗಪುರದವರು ನೀರಿನಿಂದಲೇ ಕೆಲಸವನ್ನು ಆರಂಭಿಸಿದರು. ಹತ್ತು ವರ್ಷಗಳಲ್ಲಿ ನದಿ ಶುದ್ಧವಾಗಬೇಕೆಂದು ಅಲ್ಲಿನ ಪ್ರಧಾನಿ ಲೀ ಕುವಾನ್ ಯೂ 1977ರಲ್ಲಿ ಕರೆಯಿತ್ತರು. ಬೀದಿ ವ್ಯಾಪಾರಿಗಳನ್ನು ನೀರು, ಚರಂಡಿಗಳ ಸೌಕರ್ಯವಿದ್ದ ಕಟ್ಟಡಗಳಿಗೆ ಕಳುಹಿಸಲಾಯಿತು. ಸರಕಿನ ದೋಣಿಗಳನ್ನು 1983ರಲ್ಲಿ ಬೇರೆಡೆಗೆ ಸಾಗಿಸಲಾಯಿತು. 1987ರ ವೇಳೆಗೆ ದುರ್ನಾತದ ಕಾಲುವೆ ತಿಳಿನೀರಿನ ನದಿಯಾಯಿತು. ಹಳೆಯ ಗೋದಾಮುಗಳು ಉಪಾಹಾರಗೃಹಗಳಾದವು. ನದೀಮುಖಕ್ಕೆ 2008ರಲ್ಲಿ ಕಟ್ಟಿದ ಒಡ್ಡು ಅದೇ ನೀರನ್ನು ಕುಡಿಯುವ ನೀರಿನ ಆಕರವಾಗಿಸಿತು.

ನಮ್ಮ ದೇಶದಲ್ಲಿಯೇ ಅಹಮದಾಬಾದಿನ ಸಾಬರಮತಿಯ ಉದಾಹರಣೆಯಿದೆ. ಇದಕ್ಕಾಗಿ 1997ರಲ್ಲಿ ಒಂದು ಸಂಸ್ಥೆ ರಚಿತವಾಗಿ, ನದಿಯ ಎರಡೂ ದಡಗಳಲ್ಲಿ ಸುಮಾರು 11 ಕಿಲೋಮೀಟರುಗಳಷ್ಟು ದೂರ ತಡೆಗೋಡೆ, ಕಾಲುಹಾದಿ, ಉದ್ಯಾನಗಳು ನಿರ್ಮಾಣವಾದವು. ನಗರಕ್ಕೆ ನೆಲವೂ ದೊರೆಯಿತು, ಗಾಳಿಸೇವನೆಯ ತಾಣವೂ ದೊರೆಯಿತು. ಆದರೆ ದಡದ ಗುಡಿಸಲುಗಳಲ್ಲಿದ್ದ ಸಹಸ್ರಾರು ಕುಟುಂಬಗಳು ಅಲ್ಲಿಂದ ಏಳಬೇಕಾಯಿತು. ಅನೇಕರಿಗೆ ಹೊಸ ಮನೆ ಸಿಕ್ಕಿತು; ಆದರೆ ಅದು ಕೂಲಿಯ ಸ್ಥಳದಿಂದ ಬಹುದೂರವಾಗಿತ್ತು.

ಮಂಗಳೂರೂ ಈಗ ನದಿಯ ಕಡೆಗೆ ಮುಖ ತಿರುಗಿಸತೊಡಗಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ, ನೇತ್ರಾವತಿ ಸೇತುವೆಯಿಂದ ಬೋಳಾರದ ಕಡೆಗೆ ದಡದ ಹಾದಿಯ ಕಾಮಗಾರಿಯನ್ನು ಕೈಗೊಳ್ಳಲಾಯಿತು. ನದಿಯಂಚಿಗೆ ಮಣ್ಣು ತುಂಬಿಸುವುದರ ಬಗೆಗೆ ಪರಿಸರಾಸಕ್ತರ ಆಕ್ಷೇಪಗಳೂ ಕೇಳಿಬಂದವು. ಕೊಚ್ಚಿಯಲ್ಲಿ 2023ರಲ್ಲಿ ಆರಂಭವಾದ ಜಲಮೆಟ್ರೋದಂತೆ ನೇತ್ರಾವತಿ, ಗುರುಪುರ ನದಿಗಳಲ್ಲಿಯೂ ಪ್ರಯಾಣಿಕರ ದೋಣಿಗಳನ್ನು ಓಡಿಸುವ ಆಲೋಚನೆ ಮೂಡಿದೆ.

ಈ ಕಾರ್ಯದಲ್ಲಿ ಮರೆಯಬಾರದ ಸಂಗತಿಗಳು ಮೂರು. ಮೊದಲನೆಯದು ನೆರೆ. ನದಿಯ ಪಾತ್ರವನ್ನು ಕಿರಿದುಗೊಳಿಸಿದರೆ ಮಳೆಗಾಲದ ನೀರು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಉಬ್ಬರದ ನೀರು ಏರುವ ನದೀಭಾಗಗಳಿಗೂ ಅನ್ವಯಿಸುತ್ತವೆ. ಎರಡನೆಯದು ನೀರಿನ ಶುದ್ಧಿ. ಫರಂಗಿಪೇಟೆಗೆ ಸಮೀಪದ ತುಂಬೆಯ ಕಿಂಡಿ ಅಣೆಕಟ್ಟಿನಿಂದಲೇ ಮಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ. ಮೇಲಿನ ದಡದ ಊರುಗಳ ಕೊಳಚೆ ಕೆಳಗಿನ ನಗರದ ಕೊಡವನ್ನು ಸೇರಬಾರದು. ಮೂರನೆಯದು ಜನರ ಹಕ್ಕು. ಬಲೆ ಒಣಗಿಸುವ ಬೆಸ್ತನಿಗೂ ದೋಣಿ ನಡೆಸುವ ಅಂಬಿಗನಿಗೂ ದಡವು ವಿಹಾರದ ಸ್ಥಳವಲ್ಲ, ಅನ್ನದ ತಟ್ಟೆ. ಹೊಸ ದಡದಲ್ಲಿ ಅವರಿಗೆ ಎಡೆಯಿಲ್ಲದಿದ್ದರೆ ನಗರ ಗಳಿಸಿದ್ದು ಅವರು ಕಳೆದುಕೊಂಡದ್ದೇ ಆಗುತ್ತದೆ.

ಸಣ್ಣ ಊರುಗಳಿಗೆ ಗಗನಚುಂಬಿಗಳು ಬೇಕಾಗಿಲ್ಲ. ಸುಭದ್ರವಾದ ಒಂದು ಕಡವು, ಕಸವಿಲ್ಲದ ದಡ, ನೆರಳಿನ ಮರಗಳು, ಹಳೆಯ ಕಟ್ಟಡದಲ್ಲೊಂದು ಸಂತೆ, ಇಷ್ಟಿದ್ದರೂ ಫರಂಗಿಪೇಟೆಯಂತಹ ಪೇಟೆಯ ಬದುಕು ಚೇತರಿಸೀತು. ಹಿಂದೆ ನದಿ ಈ ಊರುಗಳನ್ನು ಸಾಕಿತು. ಇನ್ನು ಮುಂದೆ ನದಿಯನ್ನು ಕಾಪಾಡುವ ಹೊಣೆ ಊರುಗಳದು. ಆ ಹೊಣೆಯನ್ನರಿತ ಊರಿಗೆ ನದಿ ಮತ್ತೆ ಹೆಬ್ಬಾಗಿಲಾಗುತ್ತದೆ.