ಬೆಕ್ಕಿನ ಮೀಸೆ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಮ್ಮ ನುಡಿಯಲ್ಲಿ ಮೀಸೆಯೆಂದರೆ ಗಂಡಸುತನದ ಗುರುತು. ತಿರುವಿ ಮೆರೆಯುವುದಲ್ಲದೆ ಬೇರೆ ಉಪಯೋಗವಿಲ್ಲದ ವಸ್ತು. ಬೆಕ್ಕಿನ ಮುಖದ ಕೂದಲಿಗೂ ಇದೇ ಹೆಸರನ್ನಿಟ್ಟ ನಮ್ಮ ಹಿರಿಯರು, ಹೆಣ್ಣುಬೆಕ್ಕಿಗೂ ಅದು ಉಂಟಲ್ಲ ಎಂದು ಏಕೆ ಯೋಚಿಸಲಿಲ್ಲವೋ! ಆ ಹೆಸರನ್ನು ನಂಬಿ ನಾನೊಂದು ಅಪರಾಧವನ್ನೇ ಮಾಡಿದೆ.

ಆಗ ನನಗೆ 9 ವರ್ಷ. ಮನೆಯಲ್ಲೊಂದು ಹೆಣ್ಣುಬೆಕ್ಕಿತ್ತು. ಹೆಣ್ಣಿಗೆ ಮೀಸೆಯೇಕೆ ಎಂದುಕೊಂಡು, ಒಂದು ಮಧ್ಯಾಹ್ನ ಅದು ನನ್ನ ತೊಡೆಯ ಮೇಲೆ ನಿದ್ರಿಸುತ್ತಿದ್ದಾಗ, ಕತ್ತರಿ ತಂದು ಎರಡು ಕಡೆಯ ಕೂದಲನ್ನೂ ಕತ್ತರಿಸಿಬಿಟ್ಟೆ. ಅದಕ್ಕೆ ನೋವಾದಂತೆ ಕಾಣಲಿಲ್ಲ. ಒಮ್ಮೆ ಕಣ್ಣು ತೆರೆದು ಮತ್ತೆ ಮುಚ್ಚಿತು. ಆದರೆ ಆ ರಾತ್ರಿ ಉಗ್ರಾಣದ ಕತ್ತಲೆಯಲ್ಲಿ ಪಾತ್ರೆಗಳು ಉರುಳಿದ ಸದ್ದಾಯಿತು. ಒಂದು ಲೋಟವನ್ನೂ ಕದಲಿಸದೆ ಹಲಗೆಯ ಮೇಲೆ ನಡೆಯುತ್ತಿದ್ದ ಪ್ರಾಣಿ, ದಿಕ್ಕು ತಿಳಿಯದೆ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಅಜ್ಜಿ ದೀಪ ಹಿಡಿದು ಬಂದು ಅದರ ಮುಖವನ್ನು ಸವರಿ, “ಯಾವ ಪಾಪಿ ಇದರ ಮೀಸೆ ಕತ್ತರಿಸಿದನೋ!” ಎಂದರು. ನಾನು ಹೊದಿಕೆಯೊಳಗೆ ಮುಖ ಮರೆಸಿಕೊಂಡೆ.

ನೋವಾಗದಿದ್ದುದಕ್ಕೂ ದಿಕ್ಕು ತಪ್ಪಿದುದಕ್ಕೂ ಕಾರಣ ಒಂದೇ ಎಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಆ ಕೂದಲಿನಲ್ಲಿ ನರವಿಲ್ಲ. ಅರಿವೆಲ್ಲ ಅದರ ಬುಡದಲ್ಲಿ. ಕುರುಡನ ಕೋಲಿಗೆ ಸ್ಪರ್ಶಜ್ಞಾನವಿಲ್ಲ, ಅದನ್ನು ಹಿಡಿದ ಕೈಗೆ ಉಂಟು, ಇದೂ ಹಾಗೆಯೇ. ಮೈಮೇಲಿನ ಕೂದಲಿಗಿಂತ ಎರಡು ಮೂರು ಪಟ್ಟು ದಪ್ಪನಾದ ಈ ಮೀಸೆ, ಚರ್ಮದೊಳಕ್ಕೆ ಹೆಚ್ಚು ಆಳವಾಗಿ ನಾಟಿಕೊಂಡಿರುತ್ತದೆ. ಬುಡದ ಸುತ್ತ ರಕ್ತ ತುಂಬಿದ ಪುಟ್ಟ ಚೀಲ. ಅಲ್ಲಿ ನರತಂತುಗಳ ದಟ್ಟಣೆ. ತುದಿ ಎಳ್ಳಷ್ಟು ಬಾಗಿದರೂ ಬುಡ ಅಲುಗುತ್ತದೆ. ಒಡನೆಯೇ ಸುದ್ದಿ ಮೆದುಳನ್ನು ಮುಟ್ಟುತ್ತದೆ.

ಮೂತಿಯ ಒಂದೊಂದು ಪಕ್ಕದಲ್ಲಿ ಸಾಮಾನ್ಯವಾಗಿ 12 ಮೀಸೆಗಳು, 4 ಸಾಲುಗಳಲ್ಲಿ. ಹುಬ್ಬಿನ ಮೇಲೆ, ಗಲ್ಲದಲ್ಲಿ, ಮುಂಗಾಲಿನ ಹಿಂಬದಿಯಲ್ಲಿ ಕೂಡ ಇಂಥ ಕೂದಲುಗಳುಂಟು. ಬೆಕ್ಕು ಮಂದ ಬೆಳಕಿನಲ್ಲಿ ನಮಗಿಂತ ಚೆನ್ನಾಗಿ ಕಾಣುವುದು ನಿಜ. ಆದರೆ ಬೆಳಕೇ ಇಲ್ಲದ ಕಗ್ಗತ್ತಲೆಯಲ್ಲಿ ಅದೂ ಕುರುಡೇ. ಆಗ ಕಂಡಿಯ ಅಗಲವನ್ನೂ ಗೋಡೆಯ ಸಾಮೀಪ್ಯವನ್ನೂ ತಿಳಿಸುವುದು ಈ ಮೀಸೆ. ವಸ್ತುವನ್ನು ಮುಟ್ಟಲೇಬೇಕೆಂದಿಲ್ಲ, ಅದರ ಸುತ್ತ ಸುಳಿಯುವ ಗಾಳಿಯ ಚಲನೆಯೇ ಸಾಕು.

ಇನ್ನೊಂದು ವಿಚಿತ್ರವಿದೆ. ಮೂಗಿನಿಂದ ಒಂದು ಗೇಣಿಗಿಂತ ಹತ್ತಿರವಿರುವುದು ಬೆಕ್ಕಿಗೆ ಸ್ಪಷ್ಟವಾಗಿ ಕಾಣದು. ದೂರದಿಂದ ಗುರಿಯಿಟ್ಟು ಹಾರಿದ ಇಲಿ, ಬಾಯಿಗೆ ಸಿಕ್ಕ ಕ್ಷಣಕ್ಕೆ ಕಣ್ಣಿಗೆ ಮಸುಕಾಗಿಬಿಡುತ್ತದೆ! ಆಗ ಮೀಸೆಗಳು ಮುಂದಕ್ಕೆ ಚಾಚಿ ಬೇಟೆಯನ್ನು ಬಳಸಿಕೊಂಡು, ಅದು ಎಲ್ಲಿದೆ, ಯಾವ ಕಡೆಗೆ ಮಿಸುಕುತ್ತಿದೆ ಎಂಬುದನ್ನು ತಿಳಿಸುತ್ತವೆ. ಕಣ್ಣು ಬಿಟ್ಟುಕೊಟ್ಟ ಕೆಲಸವನ್ನು ಮೀಸೆ ಮುಗಿಸುತ್ತದೆ.

ನಮಗೆ ಉಪಯೋಗ ತಿಳಿಯದುದನ್ನೆಲ್ಲ ಅಲಂಕಾರವೆಂದು ಕರೆಯುವುದು ಸುಲಭ. ಕತ್ತರಿ ಕೈಗೆ ಬರುವುದು ಆಮೇಲೆ.

ಬೆಕ್ಕಿನ ಮೀಸೆ ತಾನಾಗಿ ಉದುರಿ ಮತ್ತೆ ಹುಟ್ಟುವಂಥದು. ನಮ್ಮ ಬೆಕ್ಕಿಗೂ ಕೆಲವು ತಿಂಗಳಲ್ಲಿ ಹೊಸ ಮೀಸೆ ಬೆಳೆಯಿತು. ಉಗ್ರಾಣದ ಹಲಗೆಯ ಮೇಲೆ ಅದು ಮತ್ತೆ ಸದ್ದಿಲ್ಲದೆ ನಡೆಯಿತು. ಕತ್ತರಿಸಿದವನು ನಾನೆಂದು ಅಜ್ಜಿಗೆ ಮಾತ್ರ ಕೊನೆಯವರೆಗೂ ಹೇಳಲಾಗಲಿಲ್ಲ.