ನಿಮಗಿದು ಗೊತ್ತೆ? ಟ್ಯಾಂಕಿನಿಂದ ಇಳಿದ ರೇಡಿಯೊ
ಎರಡನೆಯ ಮಹಾಯುದ್ಧದ ನಂತರ ಸೇನೆಗಳು ಮಾರಿದ ರೇಡಿಯೊಗಳೇ ಜಗತ್ತಿನ ಅನೇಕ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊ ಬಳಕೆದಾರರ) ಮೊದಲ ಸೆಟ್. ಬ್ರಿಟಿಷ್ ಟ್ಯಾಂಕುಗಳ ‘ವೈರ್‌ಲೆಸ್ ಸೆಟ್ ನಂ. 19’ ಅವುಗಳಲ್ಲಿ ಹೆಸರುವಾಸಿ. ವಾಹನದ ಬ್ಯಾಟರಿಯಿಂದಲೇ ನಡೆಯುತ್ತಿದ್ದ ಈ ಗಟ್ಟಿ ಪೆಟ್ಟಿಗೆಯ ವ್ಯಾಪ್ತಿ 2ರಿಂದ 8 ಮೆಗಾಹರ್ಟ್ಸ್; ಹಾಗಾಗಿ 3.5 ಮತ್ತು 7 ಮೆಗಾಹರ್ಟ್ಸ್‌ನ ಹವ್ಯಾಸಿ ಬ್ಯಾಂಡುಗಳು ಅದರಲ್ಲೇ ಸಿಗುತ್ತಿದ್ದವು. ಕೆನಡಾದಲ್ಲಿ ತಯಾರಾದ ಎಷ್ಟೋ ಸೆಟ್‌ಗಳ ಮೇಲೆ ರಷ್ಯನ್ ಅಕ್ಷರಗಳೂ ಇವೆ!

ಇಂಥ ಸೆಟ್‌ಗೆ ಎತ್ತರದ ಜಾಗವೇ ಬೇಕೆಂದಿಲ್ಲ; ಉದಾಹರಣೆಗೆ, ತಲಕಾಡಿನ ಬಳಿಯ ಮುಡುಕುತೊರೆಯಲ್ಲಿ ಅದನ್ನು ಹೂಡಲು ಮಲ್ಲಿಕಾರ್ಜುನ ದೇಗುಲದ ಬೆಟ್ಟ ಹತ್ತಬೇಕಿಲ್ಲ. 7 ಮೆಗಾಹರ್ಟ್ಸ್ ಅಲೆಗಳು ಅಯಾನುಗೋಳಕ್ಕೆ ತಾಗಿ ಮರಳುತ್ತವೆ, ಕಾವೇರಿ ದಡದಿಂದಲೂ ನೂರಾರು ಕಿಲೋಮೀಟರ್ ತಲುಪಬಲ್ಲವು. ಎತ್ತರ ಬೇಕಾಗುವುದು 144 ಮೆಗಾಹರ್ಟ್ಸ್‌ನ ಕೈಸೆಟ್‌ಗಳಿಗೆ. ಪ್ರಸಾರಕ್ಕೆ ಮಾತ್ರ ಕೇಂದ್ರ ಸರ್ಕಾರದ ಪರವಾನಗಿ ಕಡ್ಡಾಯ; 12 ವರ್ಷ ತುಂಬಿದವರು ಅದರ ಪರೀಕ್ಷೆ ಬರೆಯಬಹುದು.