ಬೆಳೆಯುವ ಮಕ್ಕಳ ತೊಡೆಯೆಲುಬಿನ ಮುರಿತ: ಜೋಡಣೆಯ ಕ್ರಮಗಳು

ನೆಲಮಂಗಲದಲ್ಲಿ ತುಮಕೂರು ಮತ್ತು ಹಾಸನದ ಹೆದ್ದಾರಿಗಳು ಕವಲೊಡೆಯುತ್ತವೆ. ದೇವನಹಳ್ಳಿಯ ಮೂಲಕ ಹೈದರಾಬಾದಿಗೂ ಹೊಸಕೋಟೆಯ ಮೂಲಕ ಕೋಲಾರಕ್ಕೂ ಮಾರ್ಗಗಳಿವೆ. ಇಂತಹ ಮಾರ್ಗಗಳ ಬದಿಯಲ್ಲಿ ವಾಸಿಸುವ ಶಾಲಾಬಾಲಕರಿಗೆ ವಾಹನದ ಹೊಡೆತದಿಂದ ತೊಡೆಯೆಲುಬು ಮುರಿಯುವ ಅಪಾಯ ಸದಾ ಇದ್ದೇ ಇದೆ. ಐದಾರು ವರ್ಷದೊಳಗಿನ ಮಗುವಾದರೆ ಸೊಂಟವನ್ನೂ ಕಾಲನ್ನೂ ಕೂಡಿಸಿ ಹಾಕುವ ಪ್ಲಾಸ್ಟರ್ ಕಟ್ಟೇ ಬಹುಮಟ್ಟಿಗೆ ಸಾಕು. ಹನ್ನೊಂದು ದಾಟಿ, ಎಲುಬಿನ ಬೆಳವಣಿಗೆ ಇನ್ನೂ ಮುಗಿಯದಿರುವ ಮಕ್ಕಳ ವಿಷಯವೇ ಕಠಿನವಾದುದು.

ಈ ಪ್ರಾಂತ್ಯದಲ್ಲಿ ಪುತ್ತೂರು ಕಟ್ಟಿನ ಮೇಲೆ ಜನರಿಗಿರುವ ನಂಬಿಕೆ ಎಲ್ಲರಿಗೂ ತಿಳಿದುದೇ. ಆದರೆ ತೊಡೆಯ ಬಲಿಷ್ಠ ಸ್ನಾಯುಗಳ ಸೆಳೆತವನ್ನು ಬಿದಿರಿನ ದಬ್ಬೆ ತಡೆಯಲಾರದು. ಎಲುಬಿನ ತುದಿಗಳು ಒಂದರ ಮೇಲೊಂದು ಏರಿ ಕಾಲು ಗಿಡ್ಡವಾಗಬಹುದು.

1980ರ ಸುಮಾರಿಗೆ ಫ್ರಾನ್ಸಿನ ನ್ಯಾನ್ಸಿ ನಗರದ ವೈದ್ಯರು ಬಳಕೆಗೆ ತಂದ ಬಾಗುವ ಮೊಳೆಗಳ ಕ್ರಮ ಈಗ ಸರ್ವತ್ರ ಪ್ರಚಾರದಲ್ಲಿದೆ. ಮಂಡಿಯ ಬಳಿಯ ಬೆಳವಣಿಗೆಯ ಪದರವನ್ನು ಮುಟ್ಟದೆ, ಅದಕ್ಕಿಂತ ಮೇಲೆ ಎರಡೂ ಬದಿಯಿಂದ ಒಂದೊಂದು ಮೊಳೆಯನ್ನು ಎಲುಬಿನ ಟೊಳ್ಳಿನೊಳಕ್ಕೆ ತೂರಿಸುತ್ತಾರೆ. ಮೊಳೆಯ ದಪ್ಪ ಟೊಳ್ಳಿನ ಅತ್ಯಂತ ಕಿರಿದಾದ ಭಾಗದ ಐದರಲ್ಲಿ ಎರಡು ಪಾಲಿನಷ್ಟಿರಬೇಕು. ಬಿಲ್ಲಿನಂತೆ ಬಾಗಿದ ಇವೆರಡೂ ಪರಸ್ಪರ ವಿರುದ್ಧವಾಗಿ ಒತ್ತಿ ಮುರಿತವನ್ನು ಸಮತೋಲದಲ್ಲಿಡುತ್ತವೆ. ಉಳಿದಿರುವ ಅಲ್ಪ ಚಲನೆಯಿಂದಲೇ ಹೊಸ ಎಲುಬು ಬೇಗ ಕಟ್ಟಿಕೊಳ್ಳುತ್ತದೆ. ಆದರೆ ಇವಕ್ಕೊಂದು ಮಿತಿಯುಂಟು. 49 ಕಿಲೋಗ್ರಾಂಗಿಂತ ಹೆಚ್ಚು ತೂಕದ ಮಕ್ಕಳಲ್ಲಿ ಕೆಟ್ಟ ಫಲಿತಾಂಶದ ಸಂಭವ ಸುಮಾರು ಐದು ಪಟ್ಟು ಅಧಿಕವೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಓರೆಯಾಗಿ ಸೀಳಿದ ಅಥವಾ ನುಚ್ಚಾದ ಎಲುಬನ್ನೂ ಅವು ಹಿಡಿದು ನಿಲ್ಲಿಸಲಾರವು.

ಹಾಗಾದರೆ ವಯಸ್ಕರಿಗೆ ಬಳಸುವ ದೃಢ ಮೊಳೆಯನ್ನೇ ಏಕೆ ಹಾಕಬಾರದು? ಜರ್ಮನಿಯ ಕುಂಟ್ಷರ್ 1940ರ ಸುಮಾರಿನಲ್ಲಿ ಪ್ರಚಾರಕ್ಕೆ ತಂದ ಈ ವಿಧಾನ ಶಕ್ತವಾದುದೇನೋ ಹೌದು. ಆದರೆ ಎಲುಬಿನ ಕತ್ತಿನ ಬುಡದಲ್ಲಿರುವ ಕುಳಿಯಿಂದ ಮೊಳೆಯನ್ನು ಇಳಿಸುವಾಗ, ಎಲುಬಿನ ತಲೆಗೆ ರಕ್ತವನ್ನೊಯ್ಯುವ ಧಮನಿ ಅತಿ ಸಮೀಪದಲ್ಲಿರುತ್ತದೆ. ಬೆಳೆಯುವ ಮಗುವಿನಲ್ಲಿ ತಲೆಗೂ ಕತ್ತಿಗೂ ನಡುವಣ ಬೆಳವಣಿಗೆಯ ಪದರವು ಕತ್ತಿನೊಳಗಿನಿಂದ ರಕ್ತ ಹರಿಯುವುದನ್ನು ತಡೆಯುತ್ತದೆ. ಆದುದರಿಂದ ತಲೆಗೆ ಆ ಧಮನಿಯೇ ಮುಖ್ಯ ಆಧಾರ. ಅದು ನಲುಗಿದರೆ ತಲೆಯೇ ಸತ್ತು ಕುಸಿಯಬಹುದು. ಮುರಿತವು ಕೂಡಿದರೂ ಸೊಂಟದ ಕೀಲು ಹಾಳಾಗುವ ಈ ದುರಂತಕ್ಕೆ ಸುಲಭ ಪರಿಹಾರವಿಲ್ಲ. ಈ ಕಾರಣದಿಂದ ಮೊಳೆಯ ಪ್ರವೇಶವನ್ನು ತೊಡೆಯೆಲುಬಿನ ಮೇಲ್ತುದಿಯ ಹೊರಗುಬ್ಬಿಗೆ ಸರಿಸಲಾಯಿತು. ಮೇಲೂ ಕೆಳಗೂ ತಿರುಪು ಬಿಗಿಯುವುದರಿಂದ ಕಾಲು ತಿರುಚುವುದಿಲ್ಲ, ಗಿಡ್ಡವಾಗುವುದೂ ಇಲ್ಲ.

ಸ್ನಾಯುಗಳ ಅಡಿಯಲ್ಲಿ ಸಣ್ಣ ಗಾಯಗಳ ಮೂಲಕ ಉದ್ದವಾದ ಲೋಹಪಟ್ಟಿಯನ್ನು ಜಾರಿಸುವುದು ಇನ್ನೊಂದು ಕ್ರಮ. ನುಚ್ಚಾದ ಮುರಿತಕ್ಕೂ ತುದಿಗೆ ಸಮೀಪದ ಮುರಿತಕ್ಕೂ ಇದು ಹೊಂದುತ್ತದೆ. ತಲೆಯ ರಕ್ತಸಂಚಾರಕ್ಕೆ ಅಪಾಯವಿಲ್ಲ. ಮಗು ಭಾರ ಹಾಕಿ ನಡೆಯುವುದು ಮಾತ್ರ ತಡವಾಗುತ್ತದೆ. ಪಟ್ಟಿಯ ಮೇಲೆ ಎಲುಬು ಬೆಳೆದು ಅದನ್ನು ತೆಗೆಯುವುದೂ ತ್ರಾಸದಾಯಕ. ಹೊರಚೌಕಟ್ಟನ್ನು ತೆರೆದ ಗಾಯವಿರುವ ತುರ್ತಿನ ಸಂದರ್ಭಗಳಿಗೆ ಮೀಸಲಿಡುವುದು ಲೇಸು. ಅದನ್ನು ಕಳಚಿದ ಮೇಲೆ ಎಲುಬು ಮತ್ತೆ ಮುರಿಯುವುದುಂಟು.

ನಮ್ಮ ಅಭಿಪ್ರಾಯದಲ್ಲಿ ವಯಸ್ಸೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ಹನ್ನೆರಡು ವರ್ಷದ ಕೃಶಕಾಯನಿಗೆ ಅಡ್ಡಮುರಿತವಾಗಿದ್ದರೆ ಬಾಗುವ ಮೊಳೆಗಳೇ ಸಾಕು. ಅದೇ ವಯಸ್ಸಿನ ಸ್ಥೂಲಕಾಯನಿಗೆ ಓರೆ ಮುರಿತವಾಗಿದ್ದರೆ ದೃಢ ಮೊಳೆ ಇಲ್ಲವೆ ಪಟ್ಟಿ ಬೇಕು. ಲೋಹವನ್ನು ತೆಗೆಸಬೇಕಾದರೆ ದೊಡ್ಡಬಳ್ಳಾಪುರದ ಕೂಲಿಕಾರನೊಬ್ಬ ಮಗುವಿನೊಡನೆ ಮತ್ತೆ ಬೆಂಗಳೂರಿಗೆ ಬಂದು ದಿನಗೂಲಿ ಕಳೆದುಕೊಳ್ಳಬೇಕಾಗುತ್ತದೆಂಬುದನ್ನೂ ವೈದ್ಯರು ಮೊದಲೇ ಎಣಿಸಬೇಕು. ದೃಢ ಮೊಳೆ ಹಾಕಿಸಿಕೊಂಡ ಮಗು ತಿಂಗಳುಗಳ ಅನಂತರ ತೊಡೆಸಂದಿನ ನೋವೆಂದು ಕುಂಟಿದರೆ, ಮುರಿತ ಕೂಡಿದೆಯೆಂದು ಸುಮ್ಮನಿರದೆ ಎಲುಬಿನ ತಲೆಯ ಕ್ಷಕಿರಣ ಚಿತ್ರವನ್ನು ತೆಗೆಸಬೇಕು.